ಬೆಂಗಳೂರಿಗೆ ಪ್ಲೇಗ್ ಬಂದಾಗ ಅಡ್ಡ ನಿಂತದ್ದೇನು?

1898. ಆ ವರ್ಷ ಆಗಸ್ಟಿನಲ್ಲಿ ರೈಲು ಹಿಡಿದು ಪ್ಲೇಗ್ ಬೆಂಗಳೂರಿಗೆ ಬಂತು.

ರೋಗಾಣು ಗೊತ್ತಿತ್ತು. 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ವಿಜ್ಞಾನಿ ಯೆರ್ಸಿನ್ ಅದನ್ನು ಕಂಡುಹಿಡಿದಿದ್ದ. ಲಸಿಕೆಯೂ ಇತ್ತು. 1897ರಲ್ಲಿ ಮುಂಬೈಯಲ್ಲಿ ಅದನ್ನು ತಯಾರಿಸಿದ ವಿಜ್ಞಾನಿ ಹಾಫ್ಕಿನ್ ಮೊದಲು ತನಗೇ ಚುಚ್ಚಿಕೊಂಡು ನೋಡಿದ್ದ. ಹಾಗಿದ್ರೆ ತೊಡಕು ಎಲ್ಲಿ?

ಒಂದೇ ಊರಿಗೆ ಇಬ್ಬರು ಯಜಮಾನರು, ನೋಡ್ರಿ. ಪೇಟೆ ಮೈಸೂರು ಅರಸರದು, ದಂಡು ಪ್ರದೇಶ ಬ್ರಿಟಿಷರದು. ಇಲಿಗಳಿಗೆ ಆ ಗಡಿ ಎಲ್ಲಿ ಗೊತ್ತು! ಇಲಿಯ ಚಿಗಟದಿಂದ ರೋಗ ಹಬ್ಬುತ್ತೆ ಅಂತ ವೈದ್ಯ ಸಿಮೋಂಡ್ ಅದೇ ವರ್ಷ ಹೇಳಿದ. ವೈದ್ಯಲೋಕ ಅದನ್ನು ಒಪ್ಪೋಕೆ ವರ್ಷಗಳೇ ಹಿಡಿದವು. ಅಲ್ಲಿವರೆಗೆ ಗೋಡೆ ತೊಳೆಯೋದು, ಸುಣ್ಣ ಬಳಿಯೋದು. ಅಧಿಕಾರಿಗಳು ಮನೆ ಹೊಕ್ಕು ಪ್ಲೇಗ್ ಶಿಬಿರಕ್ಕೆ ಎಳೆದೊಯ್ತಾರೆ ಅನ್ನೋ ಭಯಕ್ಕೆ ಜನ ರೋಗಿಗಳನ್ನೇ ಬಚ್ಚಿಟ್ಟರು. ಅವರನ್ನು ದಡ್ಡರು ಅನ್ನೋಕೆ ನನಗಂತೂ ಮನಸ್ಸಿಲ್ಲ.

ಬ್ರಿಟನ್ನಿನ ಕಥೆಯೂ ಬೇರೆಯಲ್ಲ. 1848ರಲ್ಲಿ ಆರೋಗ್ಯ ಕಾಯ್ದೆ ಬಂತು. ಚರಂಡಿಗೆ ದುಡ್ಡು ಯಾಕೆ ಕೊಡಬೇಕು ಅಂತ ತೆರಿಗೆ ಕಟ್ಟುವವರೇ ಅಡ್ಡ ನಿಂತರು. ಬಿಗಿಯಾದ ಕಾಯ್ದೆ ಬಂದದ್ದು 1875ರಲ್ಲಿ.

ಇತ್ತ ಬೆಂಗಳೂರಲ್ಲಿ ಪ್ಲೇಗಿನ ಬಳಿಕ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು: ಅಗಲ ರಸ್ತೆ, ಗಾಳಿ, ಬೆಳಕು. ನಿವೇಶನ ಕೊಳ್ಳಲಾಗದವರು ಇಕ್ಕಟ್ಟಿನ ಪೇಟೆಯಲ್ಲೇ ಉಳಿದರು.