ತಿದ್ದಿಸಿದ ಕತ್ತಿ, ಮಾಡಿಸಿದ ಕತ್ತಿ

ಜಪಾನಿನ ಕತ್ತಿಯ ವಿಷಯ ನಮ್ಮ ಗಡಿನಾಡಿನ ಪುಟಕ್ಕೆ ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕುಲುಮೆ ಕಂಡವರಿಗೆ ಹಾಗನ್ನಿಸಲಾರದು. ನಾವು ಕುಲುಮೆ ಅಂತೀವಿ, ತೆಲುಗಿನವರು ಕೊಲಿಮಿ ಅಂತಾರೆ. ಅದರ ಮುಂದೆ ಕೂತ ರೈತ ಕೇಳೋ ಮಾತು ಮಾತ್ರ ಎರಡು ಭಾಷೆಯಲ್ಲೂ ಒಂದೇ. ಇದ್ದದ್ದನ್ನೇ ಸರಿಮಾಡಿ ಕೊಡ್ತೀಯೋ, ಹೊಸದು ಹೊಡೆದು ಕೊಡ್ತೀಯೋ? ಜಪಾನಿನ ಯೋಧರು, ದಣಿಗಳು, ಈಗಿನ ಕತ್ತಿವರಸೆಯ ಅಭ್ಯಾಸಿಗಳು ಇದೇ ಪ್ರಶ್ನೆಯನ್ನು ನೂರಾರು ವರ್ಷದಿಂದ ಕೇಳುತ್ತಾ ಬಂದಿದ್ದಾರೆ. ಅಲ್ಲಿ ಅದರ ಉತ್ತರ ಕುಡುಗೋಲಿನಷ್ಟು ಸಲೀಸಲ್ಲ.

ಯಾಕೆ ಸಲೀಸಲ್ಲ ಅಂದ್ರೆ, ಆ ಕತ್ತಿಗೆ ಹದ ಕೊಡುವ ರೀತಿಯೇ ಬೇರೆ. ಕಾಯಿಸಿ ಬಡಿದು ಆಕಾರಕ್ಕೆ ತಂದ ಅಲಗಿಗೆ ಮಣ್ಣು ಬಳಿಯುತ್ತಾರೆ. ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳ್ಳಗೆ. ಆಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿನ ಕಡೆ ಉಕ್ಕು ಥಟ್ಟನೆ ತಣ್ಣಗಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ದಪ್ಪ ಮಣ್ಣಿನ ಕಡೆ ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಎರಡೂ ಸೇರುವ ಕಡೆ ಮಂಜಿನಂಥ ಬಿಳಿ ಗೆರೆ ಮೂಡುತ್ತದೆ, ಅದಕ್ಕೆ 'ಹಾಮೋನ್' ಅಂತ ಹೆಸರು. ಕತ್ತಿಯ ಬಾಗು ಪೂರ್ತಿ ಕೂಡಿಬರುವುದೂ ಆ ಕ್ಷಣದಲ್ಲೇ. ಸುಟ್ಟ ಮಡಕೆಗೆ ಹಸಿಮಣ್ಣು ಹತ್ತೀತೇ ಅನ್ನೋ ಗಾದೆ ಇದೆಯಲ್ಲ, ಇಲ್ಲಿಗೂ ಅದು ಸಲ್ಲುತ್ತದೆ. ನೀರಿನಿಂದ ಮೇಲೆ ಬಂದ ಅಲಗನ್ನು ಮತ್ತೆ ಒಲೆಗೆ ಹಾಕಿದರೆ ಹದವೂ ಹೋಯಿತು, ಗೆರೆಯೂ ಹೋಯಿತು. ಹಾಗಾಗಿ ಮುಗಿದ ಕತ್ತಿಯನ್ನು ತಿದ್ದೋದು ಅಂದ್ರೆ ಬೆಂಕಿ ಮುಟ್ಟಿಸದೆ ತಿದ್ದೋದು. ಅರ, ಉಳಿ, ಸಾಣೆಕಲ್ಲು, ಇಷ್ಟೇ ಸಾಧನ.

ಉದ್ದವಾಯಿತು ಅಂತ ತುದಿಯನ್ನು ಕತ್ತರಿಸುವ ಹಾಗಿಲ್ಲ. ಹದದ ಗೆರೆ ತುದಿಯವರೆಗೆ ಹೋಗಿ ಬೆನ್ನಿನ ಕಡೆ ಹಿಂದಕ್ಕೆ ತಿರುಗಿರುತ್ತದೆ. ತುದಿ ಕತ್ತರಿಸಿದರೆ ಆ ತಿರುವು ಹೋಗುತ್ತದೆ, ಅಲ್ಲಿಗೆ ಕತ್ತಿಯ ಬೆಲೆಯೂ ಹೋದಂತೆಯೇ. ಅದಕ್ಕೇ ಅವರು ಬುಡದಿಂದ ಮೊಟಕು ಮಾಡುತ್ತಾರೆ. ನಮ್ಮ ಕುಡುಗೋಲಿಗೆ ಮರದ ಹಿಡಿಯೊಳಗೆ ಸೇರುವ ಬಾಲ ಇರುತ್ತದಲ್ಲ, ಅಂಥದ್ದೇ ಬಾಲ ಅವರ ಕತ್ತಿಗೂ ಇದೆ, 'ನಕಾಗೊ' ಅಂತ. ಅದನ್ನು ಕೆಳಗಿನಿಂದ ಕತ್ತರಿಸಿ, ಅಲಗಿನ ಕೆಳಭಾಗವನ್ನು ಅರದಿಂದ ಉಜ್ಜಿ ಹೊಸ ಬಾಲ ಮಾಡುತ್ತಾರೆ. ಈ ಕೆಲಸಕ್ಕೆ 'ಸುರಿಯಾಗೆ' ಅಂತಾರೆ.

ಇದರಲ್ಲಿ ಕಳೆದುಹೋಗುವುದು ಬರೀ ಎರಡು ಗೇಣು ಉಕ್ಕಲ್ಲ. ಕಮ್ಮಾರ ತನ್ನ ಹೆಸರನ್ನು ಕೊರೆಯುವುದು ಆ ಬಾಲದ ಮೇಲೆಯೇ. ಬಾಲ ಹೋದರೆ ಹೆಸರೂ ಹೋಯಿತು. ಇನ್ನೊಂದು ನಷ್ಟ, ಹಳೆಯ ಕಾಲದ 'ತಾಚಿ' ಕತ್ತಿಗಳಲ್ಲಿ ಬಾಗು ಹೆಚ್ಚಾಗಿ ಹಿಡಿಯ ಹತ್ತಿರವೇ ಇರುತ್ತಿತ್ತು. ಬುಡ ಕತ್ತರಿಸಿದರೆ ಅತಿ ಚೆಂದದ ಬಾಗೇ ಮಾಯ. ಮೊಟಕಾದ ಕತ್ತಿಯ ಹಿಡಿ ಬಿಚ್ಚಿ ನೋಡಿದರೆ ಹದದ ಗೆರೆ ಬಾಲದೊಳಕ್ಕೂ ಓಡಿರುವುದು ಕಾಣುತ್ತದೆ. ಬಲ್ಲವರು ಅದನ್ನು ನೋಡಿಯೇ ಇದು ಕತ್ತರಿಸಿದ್ದು ಅಂತ ಹೇಳಿಬಿಡುತ್ತಾರೆ.

ಇಷ್ಟು ನಷ್ಟ ಗೊತ್ತಿದ್ದೂ ಸಾವಿರಾರು ಕತ್ತಿಗಳನ್ನು ಕತ್ತರಿಸಿದರು. ಹದಿನಾಲ್ಕನೇ ಶತಮಾನದಲ್ಲಿ ಬಲು ಉದ್ದದ ಕತ್ತಿಗಳು ನಡೆದವು. ಆಮೇಲೆ ಯುದ್ಧದ ರೀತಿ ಬದಲಾಯಿತು; ಬಾಯಿ ಕೆಳಗಾಗಿ ನೇತುಹಾಕುವ ತಾಚಿ ಹೋಗಿ, ಬಾಯಿ ಮೇಲಾಗಿ ನಡುಪಟ್ಟಿಯಲ್ಲಿ ಸಿಕ್ಕಿಸುವ 'ಕತಾನಾ' ಬಂತು. ಎದೋ ಕಾಲದಲ್ಲಿ ಸುಮಾರು 70 ಸೆಂ.ಮೀ. ಅಲಗು ವಾಡಿಕೆಯ ಅಳತೆಯಾಯಿತು. ಅಜ್ಜನ ಕಾಲದ ಒಳ್ಳೆ ಉಕ್ಕು ಮನೆಯಲ್ಲಿದ್ದಾಗ ಅದನ್ನು ಮೂಲೆಗೆ ಹಾಕೋದಕ್ಕಿಂತ ಅಳತೆಗೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೆಸರು ಕಳೆಯಬಾರದು ಅನ್ನೋರಿಗೆ ದಾರಿಗಳೂ ಇದ್ದವು. ಹೆಸರಿರುವ ತುಂಡನ್ನು ಪೂರ್ತಿ ಕತ್ತರಿಸದೆ ತೆಳುಮಾಡಿ ಮೇಲಕ್ಕೆ ಮಡಚಿ ಕೂರಿಸುವುದು ಒಂದು. ಹೆಸರಿನ ಭಾಗವನ್ನಷ್ಟೇ ತೆಗೆದು ಹೊಸ ಬಾಲದಲ್ಲಿ ಚೌಕಟ್ಟು ಕೊರೆದು ಕೆತ್ತಿ ಕೂರಿಸುವುದು ಇನ್ನೊಂದು. ಹೆಸರೇ ಉಳಿಯದ ಕತ್ತಿಗಳಿಗೆ ಹೊನ್ನಾಮಿ ಮನೆತನದ ಪರೀಕ್ಷಕರು ಇದು ಇಂಥವನ ಕೈಕೆಲಸ ಅಂತ ನಿರ್ಣಯಿಸಿ ಬಾಲದ ಮೇಲೆ ಬಂಗಾರದ ಅಕ್ಷರ ಕೂರಿಸುವ ಪದ್ಧತಿ ಇತ್ತು. ಒದಾ ನೊಬುನಾಗಾನ ಬಳಿ ಇದ್ದ 'ಹೆಷಿಕಿರಿ ಹಸೆಬೆ' ಅಂಥದ್ದೇ ಮೊಟಕು ಕತ್ತಿ. ಅದರ ಮೇಲೆ ಹೊನ್ನಾಮಿ ಕೊತೊಕುವಿನ ಬಂಗಾರದ ಬರಹ ಇದೆ. ಈಗ ಅದು ರಾಷ್ಟ್ರೀಯ ನಿಧಿ, ಫುಕುವೊಕಾ ನಗರದ ಮ್ಯೂಸಿಯಮ್ಮಿನಲ್ಲಿದೆ. ಕತ್ತರಿಸಿದ್ದಕ್ಕೆ ಮಾನ ಹೋಗಲಿಲ್ಲ ನೋಡಿ.

ನೊಬುನಾಗಾನ ಇನ್ನೊಂದು ಕತ್ತಿಯ ಕಥೆ ಇನ್ನೂ ಖಾರವಾಗಿದೆ. 1560ರಲ್ಲಿ ಒಕೆಹಝಾಮಾ ಎಂಬಲ್ಲಿ ದೊಡ್ಡ ಸೈನ್ಯದೊಡನೆ ಬಂದ ಇಮಾಗಾವಾ ಯೊಷಿಮೊತೊ ಎಂಬ ದೊರೆಯನ್ನು ನೊಬುನಾಗಾನ ಕಡೆಯವರು ಕೊಂದರು. ಯೊಷಿಮೊತೊ ಹಿಡಿದಿದ್ದ ಕತ್ತಿ ನೊಬುನಾಗಾನ ಕೈಗೆ ಬಂತು. ಅದನ್ನು ತನ್ನ ಅಳತೆಗೆ ಮೊಟಕು ಮಾಡಿಸಿ, ಯೊಷಿಮೊತೊನನ್ನು ಕೊಂದ ದಿನಾಂಕವನ್ನೂ ತನ್ನ ಹೆಸರನ್ನೂ ಬಾಲದ ಮೇಲೆ ಬಂಗಾರದಲ್ಲಿ ಬರೆಸಿದ. ಮಾಡಿದವನ ಹೆಸರಿಗಿಂತ ಗೆದ್ದವನ ಹೆಸರು ಮೇಲಾಯಿತು. ಹೊಸ ಕತ್ತಿ ಮಾಡಿಸೋಕೆ ಅವನಿಗೆ ದುಡ್ಡಿಗೇನು ಬರವೇ? ಆದರೆ ಹೊಸ ಕತ್ತಿ ಆ ಮಾತು ಹೇಳುತ್ತಿರಲಿಲ್ಲ.

ನಾನು ಹೆಚ್ಚು ಹೊತ್ತು ಯೋಚಿಸಿದ್ದು 1590ರ ಜೋಡಿ ಕತ್ತಿಗಳ ವಿಷಯ. ಅಷಿಕಾಗಾದ ನಾಗಾವೊ ಅಕಿನಾಗಾ ಎಂಬ ಪಾಳೆಗಾರನ ಹತ್ತಿರ ಹದಿನಾಲ್ಕನೇ ಶತಮಾನದ ಬಿಝೆನ್ ಸೀಮೆಯ ಚೋಗಿ ಎಂಬ ಕಮ್ಮಾರನ ಕತ್ತಿ ಇತ್ತು. ಒದವಾರಾದ ಹೋಜೋ ದಣಿ 1586ರಲ್ಲಿ ಕೊಟ್ಟಿದ್ದು. ಬುಡದಿಂದ ಕತ್ತರಿಸಿ ಮೊಟಕಾದ ಕತ್ತಿ ಅದು. ಅಕಿನಾಗಾ ಕುನಿಹಿರೊ ಎಂಬ ಊರೂರು ಸುತ್ತುವ ಕಮ್ಮಾರನಿಂದ ಎರಡು ಕೆಲಸ ಮಾಡಿಸಿದ. 1590ರ ಎರಡನೇ ತಿಂಗಳಲ್ಲಿ ಅದೇ ಮಾದರಿಯ ಹೊಸ ಕತ್ತಿಯೊಂದು ಹೊರಬಂತು. ಐದನೇ ತಿಂಗಳಲ್ಲಿ ಹಳೆಯ ಕತ್ತಿಯ ಬಾಲದ ಮೇಲೆ, ಇದು ಮೂಲದಲ್ಲಿ ಚೋಗಿಯ ಕೆಲಸ, ಒದವಾರಾಕ್ಕೆ ಹೋದಾಗ ದಣಿಗಳು ದಯಪಾಲಿಸಿದ್ದು, ಇಂಥವನ ಸ್ವತ್ತು ಅಂತ ಉದ್ದನೆಯ ಬರಹ ಕೊರೆಸಿದ. ಆ ವರ್ಷವೇ ತೊಯೊತೊಮಿ ಹಿದೆಯೊಷಿ ಒದವಾರಾ ಕೋಟೆಗೆ ಮುತ್ತಿಗೆ ಹಾಕಿ ಹೋಜೋ ಮನೆತನವನ್ನು ಕೆಡವಿದ. ಕೊಟ್ಟ ದಣಿಯೇ ಉಳಿಯಲಿಲ್ಲ, ಕೊಟ್ಟ ಮಾತು ಉಕ್ಕಿನ ಮೇಲೆ ಉಳಿಯಿತು.

ಈ ಜೋಡಿಯಲ್ಲಿ ಒಂದು ಸೋಜಿಗ ಇದೆ. ಕುನಿಹಿರೊ ಹೊಸದಾಗಿ ಹೊಡೆದ ಕತ್ತಿಯೂ ಆ ಮೊಟಕು ಕತ್ತಿಯ ಆಕಾರದ್ದೇ. ಎರಡೂ ಹತ್ತಿರಹತ್ತಿರ 71 ಸೆಂ.ಮೀ. ಅಂದ್ರೆ ತಿದ್ದುಪಡಿಯಿಂದ ಹುಟ್ಟಿದ ಆಕಾರವೇ ಹೊಸ ಕತ್ತಿಗೆ ಅಚ್ಚಾಯಿತು. ಇವತ್ತು ಎರಡೂ ಜಪಾನ್ ಸರ್ಕಾರದ ಮುಖ್ಯ ಸಾಂಸ್ಕೃತಿಕ ಆಸ್ತಿಗಳು. ಹಳೆಯದು ನಗೋಯಾದ ತೊಕುಗಾವಾ ಮ್ಯೂಸಿಯಮ್ಮಿನಲ್ಲಿದೆ.

ಇನ್ನು ಮಾಡಿಸುವವರ ದಾರಿ. 1876ರಲ್ಲಿ ಸರ್ಕಾರ ಕತ್ತಿ ಧರಿಸುವುದನ್ನು ನಿಷೇಧಿಸಿತು, ಎಷ್ಟೋ ಕಮ್ಮಾರರು ಅಡಿಗೆ ಚಾಕು, ಮಚ್ಚು ಮಾಡುವ ಕಡೆಗೆ ಹೋದರು. 1945ರ ಸೋಲಿನ ಮೇಲೆ ಕತ್ತಿ ಮಾಡುವುದೇ ನಿಂತಿತು; 1953ರ ಹೊತ್ತಿಗೆ ಮತ್ತೆ ಅಪ್ಪಣೆ ಸಿಕ್ಕಿತು. ಈಗ ಅಲ್ಲಿ ಕತ್ತಿ ಮಾಡಬೇಕಾದರೆ ಲೈಸೆನ್ಸ್ ಇರುವ ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ದುಡಿದು ಸರ್ಕಾರದ ಪರೀಕ್ಷೆ ಪಾಸಾಗಬೇಕು. ಆಮೇಲೂ ತಿಂಗಳಿಗೆ ಉದ್ದ ಕತ್ತಿ ಎರಡು, ಅಥವಾ ಗಿಡ್ಡ ಕತ್ತಿ ಮೂರು, ಅದಕ್ಕಿಂತ ಹೆಚ್ಚಿಗೆ ಮಾಡೋ ಹಾಗಿಲ್ಲ. ಉಕ್ಕಂತೂ ಅಂಗಡಿಯಲ್ಲಿ ಸಿಗುವುದಲ್ಲ. ಷಿಮಾನೆ ಸೀಮೆಯ ಒಕುಇಝುಮೊದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ 'ತತಾರಾ' ಎಂಬ ಮಣ್ಣಿನ ಕುಲುಮೆಯಲ್ಲಿ ಚಳಿಗಾಲದಲ್ಲಿ ಮಾತ್ರ ಕಬ್ಬಿಣದ ಮರಳು, ಇದ್ದಿಲು ಸುರಿದು ಮೂರು ಹಗಲು ಮೂರು ರಾತ್ರಿ ಉರಿಸುತ್ತಾರೆ. ಹೊರಬಂದ ಎರಡು ಟನ್ನಿಗೂ ಮೀರಿದ ಗಟ್ಟಿಯನ್ನು ಒಡೆದು, ಆರಿಸಿ, ಕಮ್ಮಾರರಿಗೆ ಹಂಚುತ್ತಾರೆ. ಮುಂಗಾರಿನಲ್ಲಿ ಬೀಜಕ್ಕೆ ಸರದಿ ನಿಂತಂತೆ.

ಹೇಳಿ ಮಾಡಿಸುವವನು ಉದ್ದ, ಬಾಗು, ತೂಕ, ಯಾವ ಸೀಮೆಯ ಶೈಲಿ ಅನ್ನೋದನ್ನು ಕಮ್ಮಾರನ ಜೊತೆ ಕೂತು ಗೊತ್ತುಮಾಡಬಹುದು. ಮಾಡಿಸಿದವನ ಹೆಸರನ್ನೂ ಬಾಲದ ಮೇಲೆ ಕೊರೆಯುವ ರೂಢಿ ಇದೆ. ನೀರಿಗೆ ಅದ್ದುವಾಗ ಅಲಗು ಬಿರುಕು ಬಿಟ್ಟರೆ ಅದು ಕಮ್ಮಾರನ ಪಾಲಿನ ನಷ್ಟ, ಅವನು ಇನ್ನೊಂದು ಹೊಡೆಯಬೇಕು. ಅದಕ್ಕೇ ಹಿಂದಿನವರು ಒಂದು ಬೇಡಿಕೆಗೆ ಒಂದಕ್ಕಿಂತ ಹೆಚ್ಚು ಅಲಗು ಮಾಡಿ, ಚೆನ್ನಾಗಿ ಬಂದದ್ದನ್ನು ಕೊಟ್ಟು, ಉಳಿದದ್ದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ತಿದ್ದುವ ಕೆಲಸದಲ್ಲಿ ಈ ಆಸರೆ ಇಲ್ಲ. ಐನೂರು ವರ್ಷದ ಅಲಗಿಗೆ ಅರ ತಪ್ಪಿದರೆ ಇನ್ನೊಂದು ಎಲ್ಲಿಂದ ತರೋದು? ಕಮ್ಮಾರ ಮುಗಿಸಿದ ಮೇಲೂ ಸಾಣೆಯವನು, ಹಿಡಿಯ ಹತ್ತಿರದ ಲೋಹದ ಕೊರಳಪಟ್ಟಿ ಮಾಡುವವನು, ಒರೆ ಮಾಡುವವನು ಅಂತ ಬೇರೆ ಬೇರೆ ಕೈಗಳು ಬೇಕು. ಒಂದು ಒರೆ ಒಂದೇ ಅಲಗಿನದು. ಅಲಗು ಮೊಟಕಾದರೆ ಕೊರಳಪಟ್ಟಿ, ಒರೆ ಎಲ್ಲ ಹೊಸದಾಗಿ ಆಗಬೇಕು. ಆದ್ದರಿಂದ ತಿದ್ದಿಸೋದು ಅಗ್ಗ ಅಂತ ಹೊರಟವನ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ.

ಕಾಗದದ ತಾಪತ್ರಯವೂ ಇದೆ. 1958ರ ಕಾಯ್ದೆಯ ಪ್ರಕಾರ ಜಪಾನಿನಲ್ಲಿ ಪ್ರತಿ ಕತ್ತಿಗೂ ಪ್ರಾಂತದ ಶಿಕ್ಷಣ ಮಂಡಳಿಯ ನೋಂದಣಿ ಚೀಟಿ ಇರಬೇಕು. ಉದ್ದ, ಬಾಗು, ಬಾಲದಲ್ಲಿ ಎಷ್ಟು ತೂತು, ಏನು ಬರಹ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕತ್ತಿಯನ್ನು ಮೊಟಕು ಮಾಡಿದರೆ ಚೀಟಿಗೂ ಕತ್ತಿಗೂ ತಾಳೆಯಾಗುವುದಿಲ್ಲ. ಅಡಂಗಲ್ಲಿನಲ್ಲಿ ಒಂದು ವಿಸ್ತೀರ್ಣ, ಹೊಲದಲ್ಲಿ ಇನ್ನೊಂದು ಇರೋರ ಪಾಡು ಎಂಥದ್ದು ಅಂತ ಗಡಿಯ ಎರಡೂ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದಕ್ಕೆ ಅಡಂಗಲ್ ಅಂತಾರೆ, ಅತ್ತ ಪಹಣಿ ಅಂತಾರೆ, ಅಲೆದಾಟ ಒಂದೇ.

ಹಾಗಾದರೆ ಮುಗಿದ ಕತ್ತಿಯಲ್ಲಿ ಏನನ್ನು ಧೈರ್ಯವಾಗಿ ಬದಲಿಸಬಹುದು? ಅಲಗನ್ನು ಬಿಟ್ಟು ಮಿಕ್ಕದ್ದೆಲ್ಲ. ಹಿಡಿ ಚಿಕ್ಕದಾಯಿತೆ, ಹೊಸ ಹಿಡಿ ಕಟ್ಟಿಸಿ. ತೂಕ ಮುಂದಕ್ಕೆ ಎಳೆಯುತ್ತಿದೆಯೇ, ಕೈಕಾಪು ಬದಲಿಸಿದರೂ ಕೈಗೆ ಬೇರೆ ರೀತಿ ಕೂರುತ್ತದೆ. 1934ರಿಂದಾಚೆಗೆ ಜಪಾನಿನ ಸೇನಾಧಿಕಾರಿಗಳಲ್ಲಿ ಎಷ್ಟೋ ಮಂದಿ ಮನೆಯ ಹಳೆಯ ಅಲಗಿಗೆ ಸೈನ್ಯದ ನಮೂನೆಯ ಹಿಡಿ, ಒರೆ ಹಾಕಿಸಿಕೊಂಡು ಹೋದರು. ಯುದ್ಧದ ಮೇಲೆ ಅವನ್ನು ಬಿಚ್ಚಿದರೆ ಒಳಗಿನ ಅಲಗು ಇದ್ದಹಾಗೇ ಇತ್ತು. ಅಲಗಿನ ಬೆನ್ನಿನ ಉದ್ದಕ್ಕೂ ಕಾಲುವೆಯಂತೆ ಗೀರು ತೋಡಿ ತೂಕ ಇಳಿಸುವ ರೂಢಿಯೂ ಉಂಟು. ಅದು ಕಾಯಮ್ಮಿನ ಮಾತು, ತೋಡಿದ್ದನ್ನು ತುಂಬಲು ಬರುವುದಿಲ್ಲ. ಕೆಲವು ಸಲ ಉಕ್ಕಿನ ಕಲೆ ಮುಚ್ಚಲು ಸಹ ಇದನ್ನು ಮಾಡಿರುತ್ತಾರೆ, ಕೊಳ್ಳುವವರು ಗಮನಿಸಬೇಕು. ಸಾಣೆಯ ವಿಷಯವೂ ಹೀಗೆಯೇ. ಹೊರಗಿನ ಗಟ್ಟಿ ಉಕ್ಕಿನ ಚರ್ಮ ತೆಳು, ಒಳಗೆ ಮೆತ್ತನೆ ಕಬ್ಬಿಣದ ತಿರುಳು. ಪದೇ ಪದೇ ಉಜ್ಜಿಸಿದರೆ ತಿರುಳು ಮೇಲೆ ಕಾಣಿಸಿಕೊಳ್ಳುತ್ತದೆ. ಬಾಲದ ಮೇಲಿನ ಕರಿ ತುಕ್ಕನ್ನಂತೂ ಮುಟ್ಟಲೇಬಾರದು. ಕತ್ತಿಯ ವಯಸ್ಸು ಹೇಳುವ ಸಾಕ್ಷಿ ಅದು. ಚೊಕ್ಕ ಮಾಡ್ತೀನಿ ಅಂತ ಹೊಳಪು ಬರಿಸಿ ಕೆಡಿಸಿದವರು ಬೇಕಾದಷ್ಟು ಜನ ಇದ್ದಾರೆ.

ಬರೀ ವರಸೆಯ ಅಭ್ಯಾಸಕ್ಕೆ ಬೇಕು ಅನ್ನೋರಿಗೆ ಈ ಎರಡು ದಾರಿಯ ಗೊಡವೆಯೇ ಬೇಡ. ಸತು, ಅಲ್ಯುಮಿನಿಯಂ ಬೆರೆಸಿ ಎರಕ ಹೊಯ್ದ, ಬಾಯಿ ಇಲ್ಲದ 'ಇಯಾಯ್ತೊ' ಸಿಗುತ್ತದೆ. ಎತ್ತರಕ್ಕೆ ತಕ್ಕ ಅಳತೆ ಹೇಳಿ ತರಿಸಬಹುದು. ಕೈಗೆ ಹೊಂದುವ ನಿಜವಾದ ಅಲಗೇ ಬೇಕು ಅಂದ್ರೆ, ನನ್ನ ಮಟ್ಟಿಗೆ, ಬದುಕಿರುವ ಕಮ್ಮಾರನ ಬಾಗಿಲಿಗೆ ಹೋಗಿ ಹೇಳಿ ಮಾಡಿಸೋದೇ ಸರಿ. ಅವನ ಒಲೆಯೂ ಉರಿಯುತ್ತದೆ, ಹಳೆಯವನ ಹೆಸರೂ ಬಾಲದ ಮೇಲೆ ಉಳಿಯುತ್ತದೆ. ನೊಬುನಾಗಾನಿಗೆ ಈ ಮಾತು ಹಿಡಿಸುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಅವನು ಮೊಟಕು ಮಾಡಿಸಿದ ಕತ್ತಿ ಮುಂದೆ ಹಿದೆಯೊಷಿ, ತೊಕುಗಾವಾ ಇಯೆಯಾಸು ಇವರ ಕೈ ದಾಟಿ, 1657ರಲ್ಲಿ ಎದೋ ನಗರವನ್ನು ಸುಟ್ಟ ಮಹಾ ಬೆಂಕಿಯಲ್ಲಿ ಸಿಕ್ಕಿಕೊಂಡಿತು. ಹದವೆಲ್ಲ ಹೋಯಿತು. ಎಸೆಯಲು ಮನಸ್ಸಾಗದೆ ಮತ್ತೆ ಮಣ್ಣು ಬಳಿದು, ಕಾಯಿಸಿ, ನೀರಿಗೆ ಅದ್ದಿದರು. ಈಗ ಅದು ಕ್ಯೋತೊದ ಕೆನ್ಕುನ್ ಗುಡಿಯ ಸ್ವತ್ತು. ಅದರ ಹಾಮೋನ್ ಹದಿನಾಲ್ಕನೇ ಶತಮಾನದ ಕಮ್ಮಾರನದಲ್ಲ, ಬೆಂಕಿಯ ಆಮೇಲೆ ಬಂದವನದು.