97 ಡಿಗ್ರಿಯ ಊರಿನಲ್ಲಿ 118 ಡಿಗ್ರಿಯ ಪಾತ್ರೆ

ಬೆಂಗಳೂರಿನ ಗಾಂಧಿ ಬಜಾರಿನ ಅಡುಗೆಮನೆಗಳಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ ಆ ಅಂಕಿ ಸಮುದ್ರದಂಡೆಯ ಲೆಕ್ಕ. ಮಂಗಳೂರಿಗೆ, ಕಾರವಾರಕ್ಕೆ ಅದು ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರಿನ ಮೇಲೆ ಬೀಳುವ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡ 10ರಷ್ಟು ಕಡಿಮೆ. ಹಾಗಾಗಿ ಸುಮಾರು 97 ಡಿಗ್ರಿಗೇ ನೀರು ಕುದಿಯಲು ತೊಡಗುತ್ತದೆ. ಒಮ್ಮೆ ಕುದಿ ಬಂತೆಂದರೆ ಮುಗಿಯಿತು. ಉರಿ ಎಷ್ಟು ಏರಿಸಿದರೂ ನೀರು ಬೇಗ ಬೇಗ ಆವಿಯಾಗಿ ಹೋಗುತ್ತದೆಯೇ ಹೊರತು ಅದರ ಬಿಸಿ ಏರುವುದಿಲ್ಲ.

ಅನ್ನಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ. ಅಕ್ಕಿಯೊಳಗಿನ ಪಿಷ್ಟ 70 ಡಿಗ್ರಿಯ ಆಸುಪಾಸಿನಲ್ಲೇ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ತೊಗರಿಬೇಳೆಯ ಕಥೆ ಬೇರೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಅದು ಕರಗಿದರೆ ಮಾತ್ರ ಬೇಳೆ ಬೆರಳಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯುತ್ತದೆ. ಪೆಕ್ಟಿನ್ ಕರಗುವ ವೇಗ ಬಿಸಿಯನ್ನು ಬಹಳ ನೆಚ್ಚಿಕೊಂಡಿದೆ. ಪ್ರತಿ 10 ಡಿಗ್ರಿ ಏರಿಕೆಗೂ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒರಟು ಲೆಕ್ಕ. ಹಾಗಾದರೆ 20 ಡಿಗ್ರಿ ಏರಿಸಿದರೆ ನಾಲ್ಕು ಪಟ್ಟು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ಬೇಳೆ ಹತ್ತು ಹನ್ನೆರಡು ನಿಮಿಷಕ್ಕೆ ಬೆಂದೀತು. ಪ್ರೆಶರ್ ಕುಕ್ಕರ್ ಮಾಡುವ ಕೆಲಸ ಇದೇ: 97 ಡಿಗ್ರಿಯ ಊರಿನಲ್ಲಿ ಅದು ನೀರನ್ನು 118 ಡಿಗ್ರಿಗೆ ಏರಿಸಿ ಅಲ್ಲಿ ನಿಲ್ಲಿಸುತ್ತದೆ.

ಸಂಜೆ ಏಳಕ್ಕೆ ಆಫೀಸಿನಿಂದ ಬರುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಬೀನ್ಸು, ಕ್ಯಾರೆಟ್ಟು, ನವಿಲುಕೋಸು ಕೊಂಡು ಮನೆ ಸೇರಿದವರು ಎಂಟಕ್ಕೆ ಮುಂಚೆ ಬಿಸಿಬೇಳೆಬಾತ್ ಉಣ್ಣಬಹುದಾದರೆ ಅದಕ್ಕೆ ಆ 21 ಡಿಗ್ರಿಯೇ ಕಾರಣ. ಅಕ್ಕಿ, ಬೇಳೆ, ತರಕಾರಿ, ಹುಳಿ, ಖಾರ ಎಲ್ಲವೂ ಒಂದೇ ಬಟ್ಟಲಿನಲ್ಲಿರುವ ಊಟ ಅದು. ದುಡಿದು ದಣಿದು ಬಂದವರಿಗೆ ಅದಕ್ಕಿಂತ ಹೊಟ್ಟೆ ತುಂಬಿಸುವ ಅಡುಗೆ ಕಡಿಮೆ. ಆದರೆ ಅದನ್ನು ಸಾಧ್ಯ ಮಾಡುವ ಯಂತ್ರವನ್ನು ನಾವು ದಿನವೂ ಬಳಸುತ್ತೇವೆ, ಅದರ ಮಾತನ್ನು ಮಾತ್ರ ತಪ್ಪಾಗಿ ಕೇಳಿಸಿಕೊಳ್ಳುತ್ತೇವೆ. ‘ಮೂರು ಕೂಗು ಕೂಗಿಸಿ ಇಳಿಸು’ ಎನ್ನುತ್ತೇವೆ. ಆ ಕೂಗು ಬೇಳೆ ಎಷ್ಟು ಬೆಂದಿದೆ ಎಂದು ಹೇಳುತ್ತಿಲ್ಲ. ಅದೇನು ಹೇಳುತ್ತಿದೆ ಎಂದು ತಿಳಿಯಬೇಕಾದರೆ ಮುಚ್ಚಳದ ಮೇಲೆ ಕೂತಿರುವ ಆ ಪುಟ್ಟ ವೆಯ್ಟನ್ನು ನೋಡಬೇಕು.

ಮುಚ್ಚಳದ ನಡುವೆ ಒಂದು ಕಿರಿದಾದ ಕೊಳವೆ. ಅದರ ಬಾಯಿಯ ಮೇಲೆ ವೆಯ್ಟು ಕೂತಿದೆ. ಕೊಳವೆಯ ರಂಧ್ರ 3 ಮಿಲಿಮೀಟರ್ ಅಗಲ ಎಂದುಕೊಳ್ಳಿ. ಅದರ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿನ ಶೇಕಡ 7ರಷ್ಟು. ಅದರ ಮೇಲೆ 70 ಗ್ರಾಂ ಭಾರ ಇಟ್ಟರೆ, ಒಳಗಿನ ಆವಿ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂನಷ್ಟು ಹೆಚ್ಚುವರಿ ಒತ್ತಡ ಹಾಕುವವರೆಗೆ ವೆಯ್ಟು ಅಲ್ಲಾಡುವುದಿಲ್ಲ. ಆ ಮಟ್ಟ ದಾಟಿದೊಡನೆ ಎದ್ದು ಆವಿಯನ್ನು ಹೊರಬಿಡುತ್ತದೆ, ಒತ್ತಡ ಇಳಿದೊಡನೆ ಮತ್ತೆ ಕೂರುತ್ತದೆ. ನಮ್ಮ ಮನೆಗಳ ಕುಕ್ಕರುಗಳು ಸಾಮಾನ್ಯವಾಗಿ ಈ 1 ಕಿಲೋಗ್ರಾಂ ಒತ್ತಡಕ್ಕೇ ಹೊಂದಿಸಿದಂಥವು. ಅಷ್ಟು ಒತ್ತಡದಲ್ಲಿ ನೀರು ಕರಾವಳಿಯಲ್ಲಿ 120 ಡಿಗ್ರಿಗೂ ಬೆಂಗಳೂರಿನಲ್ಲಿ 118 ಡಿಗ್ರಿಗೂ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎರಡು ಊರುಗಳ ನಡುವೆ ಇದ್ದ ಮೂರು ಡಿಗ್ರಿಯ ವ್ಯತ್ಯಾಸ ಇಲ್ಲಿ ಎರಡಕ್ಕೆ ಇಳಿಯುತ್ತದೆ.

ಅಂದರೆ ಮೊದಲ ಕೂಗು ಕೊಡುವ ಸುದ್ದಿ ಒಂದೇ: ಒಳಗೆ 118 ಡಿಗ್ರಿ ಮುಟ್ಟಿತು. ಅಲ್ಲಿಂದ ಮುಂದೆ ಬಿಸಿ ಏರುವ ಮಾತಿಲ್ಲ. ಉರಿ ದೊಡ್ಡದಿಟ್ಟರೆ ನಿಮಿಷಕ್ಕೆ ನಾಲ್ಕು ಸಲ ಕೂಗಬಹುದು, ಸಣ್ಣದಿಟ್ಟರೆ ಐದು ನಿಮಿಷಕ್ಕೆ ಒಂದು ಸಲವೂ ಕೂಗದಿರಬಹುದು. ಎರಡರಲ್ಲೂ ಬೇಳೆ ಬೇಯುತ್ತಿರುವುದು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ. ಮೂರು ಕೂಗೆಂದರೆ ಒಬ್ಬರ ಮನೆಯಲ್ಲಿ ಎರಡು ನಿಮಿಷ, ಇನ್ನೊಬ್ಬರ ಮನೆಯಲ್ಲಿ ಹತ್ತು ನಿಮಿಷ. ಅದಕ್ಕೇ ಒಂದೇ ಅಂಗಡಿಯ ಬೇಳೆ ಒಂದು ಮನೆಯಲ್ಲಿ ಗಟ್ಟಿಯಾಗಿ ಉಳಿದು ಇನ್ನೊಂದರಲ್ಲಿ ತಳ ಹಿಡಿಯುತ್ತದೆ. ಎಣಿಸಬೇಕಾದದ್ದು ಮೊದಲ ಕೂಗಿನ ನಂತರದ ನಿಮಿಷಗಳನ್ನು.

ಇದರಲ್ಲಿ ಗ್ಯಾಸಿನ ಲೆಕ್ಕವೂ ಇದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 300 ಕಿಲೋಜೂಲ್ ಶಾಖ ಬೇಕು. ಅದೇ ಒಂದು ಲೀಟರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಕಿಲೋಜೂಲ್, ಅಂದರೆ ಸುಮಾರು ಏಳೂವರೆ ಪಟ್ಟು ಬೇಕು. ಪ್ರತಿ ಕೂಗಿನಲ್ಲೂ ಹೊರಹೋಗುವುದು ಹೀಗೆ ದುಬಾರಿ ಶಾಖ ಹೊತ್ತ ಆವಿ. ಮೊದಲ ಕೂಗು ಬಂದೊಡನೆ ಉರಿ ಸಣ್ಣದು ಮಾಡಿ ಪಾತ್ರೆಯ ಮೈಯಿಂದ ಸೋರುವ ಶಾಖವನ್ನು ತುಂಬಿಕೊಟ್ಟರೆ ಸಾಕು, ಬೇಳೆ ಅಷ್ಟರಲ್ಲೇ ಬೇಯುತ್ತದೆ. ಸಿಲಿಂಡರಿನ ಬೆಲೆ ಏರಿತೆಂದು ಎಲ್ಲರೂ ಕೊರಗುತ್ತೇವೆ. ನಿಜಕ್ಕೂ ಕೈಗೆಟಕುವ ಉಳಿತಾಯ ಗ್ಯಾಸ್ ಸ್ಟೌವಿನ ಆ ಗುಂಡಿಯಲ್ಲೇ ಇದೆ.

ಈ ಉಳಿತಾಯವನ್ನು ಜನ ಗಮನಿಸಿದ್ದು ಇವತ್ತಲ್ಲ. ಫ್ರಾನ್ಸಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಜೊತೆ ಕೆಲಸ ಮಾಡಿದ ಡೆನಿಸ್ ಪಾಪಿನ್ 1679ರಲ್ಲಿ ತನ್ನ ಒತ್ತಡದ ಪಾತ್ರೆಯನ್ನು ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ತೋರಿಸಿದ. ಮೂಳೆಗಳನ್ನು ಮೆತ್ತಗೆ ಮಾಡಿ ಬಡವರಿಗೂ ಪೌಷ್ಟಿಕ ಆಹಾರ ಕೊಡಬಹುದೆಂಬುದು ಅವನ ಆಸೆ. 1681ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. 1682ರ ಏಪ್ರಿಲ್‌ನಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಆ ಪಾತ್ರೆಗಳಲ್ಲೇ ಬೇಯಿಸಿದ ರಾತ್ರಿಯೂಟ ಬಡಿಸಲಾಯಿತು. ಅಲ್ಲಿದ್ದ ಜಾನ್ ಎವೆಲಿನ್ ದನದ, ಕುರಿಯ ಗಟ್ಟಿ ಮೂಳೆಗಳೂ ಮೆತ್ತಗಾಗಿದ್ದನ್ನು, ಅದಕ್ಕೆ ತಗುಲಿದ ಇದ್ದಲು ಎಷ್ಟು ಕಡಿಮೆ ಎಂಬುದನ್ನು ತನ್ನ ದಿನಚರಿಯಲ್ಲಿ ಬೆರಗಿನಿಂದ ದಾಖಲಿಸಿದ್ದಾನೆ. ಪಾತ್ರೆ ಸಿಡಿಯದಂತೆ ಪಾಪಿನ್ ಒಂದು ಸನ್ನೆಕೋಲಿಗೆ ಭಾರ ತೂಗುಹಾಕಿ ರಂಧ್ರವನ್ನು ಮುಚ್ಚಿದ್ದ. ನಮ್ಮ ಕುಕ್ಕರಿನ ವೆಯ್ಟಿನ ಮೂಲಪುರುಷ ಅದೇ. ಆವಿ ಭಾರವನ್ನು ಎತ್ತುವುದನ್ನು ಕಂಡವನು ಅಲ್ಲಿಗೇ ನಿಲ್ಲಲಿಲ್ಲ. ಆವಿಯಿಂದ ಕೊಂತವನ್ನು (ಪಿಸ್ಟನ್) ಚಲಾಯಿಸುವ ಯಂತ್ರದ ಕಲ್ಪನೆಯನ್ನು 1690ರಲ್ಲಿ ಮುಂದಿಟ್ಟ. ಉಗಿಯಂತ್ರದ ಚರಿತ್ರೆ ಅಡುಗೆಯ ಪಾತ್ರೆಯಿಂದ ಹಾದುಬಂದಿದೆ.

ಭಾರತದ ಮನೆಗಳಿಗೆ ಇದು ಬಂದದ್ದು ಬಹಳ ತಡವಾಗಿ. 1959ರಲ್ಲಿ ಮುಂಬಯಿಯಲ್ಲಿ ಹಾಕಿನ್ಸ್ ಕುಕ್ಕರಿನ ಸಂಸ್ಥೆ ಹುಟ್ಟಿತು. ಅದೇ ಕಾಲಕ್ಕೆ ಟಿಟಿಕೆ ಬಳಗ ಬ್ರಿಟನ್ನಿನ ಪ್ರೆಸ್ಟೀಜ್ ಕಂಪನಿಯ ತಂತ್ರಜ್ಞಾನ ಪಡೆದು ಬೆಂಗಳೂರಿನಲ್ಲಿ ಕುಕ್ಕರ್ ತಯಾರಿಕೆಗೆ ಇಳಿಯಿತು. ಎರಡರ ಮುಚ್ಚಳಗಳೂ ಎರಡು ಬಗೆಯ ಜಾಣ್ಮೆ. 20 ಸೆಂಟಿಮೀಟರ್ ಅಗಲದ ಮುಚ್ಚಳದ ಕೆಳಗೆ 1 ಕಿಲೋಗ್ರಾಂ ಒತ್ತಡ ಇದ್ದರೆ ಅದನ್ನು ಮೇಲಕ್ಕೆ ತಳ್ಳುವ ಒಟ್ಟು ಬಲ 314 ಕಿಲೋಗ್ರಾಂ. ಕ್ವಿಂಟಲ್ ತೂಕದ ಮೂರು ಅಕ್ಕಿಮೂಟೆಗಳನ್ನು ಎತ್ತಿ ನಿಲ್ಲಿಸುವಷ್ಟು. ಹೊರಮುಚ್ಚಳದ ಕುಕ್ಕರಿನಲ್ಲಿ ಮುಚ್ಚಳದ ಅಂಚಿನ ಹಲ್ಲುಗಳು ಪಾತ್ರೆಯ ಅಂಚಿನ ಕೆಳಗೆ ಸಿಕ್ಕಿಕೊಂಡು ಈ ಬಲವನ್ನು ತಡೆಯುತ್ತವೆ. ಒಳಮುಚ್ಚಳದ ಕುಕ್ಕರಿನಲ್ಲಿ ಮುಚ್ಚಳ ಬಾಯಿಯ ಒಳಗಿನಿಂದ ಕೂರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ, ಒತ್ತಡ ಪೂರ್ತಿ ಇಳಿಯುವವರೆಗೆ ತೆಗೆಯಲು ಬಾರದು.

ಆ ಕಾಯುವಿಕೆ ಸುಮ್ಮನೆ ಇಟ್ಟ ನಿಯಮವಲ್ಲ. 118 ಡಿಗ್ರಿಯ ನೀರನ್ನು ದ್ರವವಾಗಿ ಹಿಡಿದಿರುವುದು ಒತ್ತಡ ಮಾತ್ರ. ಮುಚ್ಚಳ ಹಠಾತ್ತನೆ ತೆರೆದುಕೊಂಡರೆ ಆ ನೀರು ಒಮ್ಮೆಗೇ 97 ಡಿಗ್ರಿಗೆ ಇಳಿಯಬೇಕಾಗುತ್ತದೆ, ಉಳಿದ ಶಾಖದಿಂದ ಅದರ ಒಂದು ಭಾಗ ಕ್ಷಣದಲ್ಲಿ ಆವಿಯಾಗುತ್ತದೆ. ಒಂದೂವರೆ ಲೀಟರ್ ನೀರಿದ್ದರೆ ಸುಮಾರು 60 ಗ್ರಾಂ ಹೀಗೆ ಆವಿಯಾದೀತು. ನೋಡಲು ನಾಲ್ಕು ದೊಡ್ಡ ಚಮಚ, ಹಿಗ್ಗಿದಾಗ ನೂರು ಲೀಟರಿಗೂ ಮೀರಿದ ಆವಿ. ಕುದಿಯುವ ಬೇಳೆ ಚಾವಣಿಗೆ ಚಿಮ್ಮುವುದು ಹೀಗೆ. ಇದಕ್ಕೇ ಮುಚ್ಚಳದಲ್ಲಿ ಇನ್ನೊಂದು ಕಾವಲಿದೆ. ಸೇಫ್ಟಿ ವಾಲ್ವಿನೊಳಗೆ ಬೇಗ ಕರಗುವ ಮಿಶ್ರಲೋಹದ ಬಿಲ್ಲೆ ಇರುತ್ತದೆ. ನೀರು ಬತ್ತಿಯೋ ವೆಯ್ಟಿನ ಕೊಳವೆ ಕಟ್ಟಿಯೋ ಒಳಗಿನ ಬಿಸಿ ಮಿತಿ ಮೀರಿದರೆ ಅದು ಕರಗಿ ದಾರಿ ಬಿಡುತ್ತದೆ. ಕರಗಿದ ವಾಲ್ವಿನ ಜಾಗಕ್ಕೆ ಬೋಲ್ಟು ಬಿಗಿಸುವುದು, ಸಿಕ್ಕಿದ ಯಾವುದೋ ವೆಯ್ಟು ಕೂರಿಸುವುದು ಜೀವದ ಜೊತೆ ಆಟ. ವೆಯ್ಟಿನ ತೂಕವೂ ರಂಧ್ರದ ಅಗಲವೂ ಜೋಡಿ. ಒಂದು ಕಂಪನಿಯದನ್ನು ಇನ್ನೊಂದರ ಮೇಲೆ ಇಟ್ಟರೆ ಒಳಗಿನ ಒತ್ತಡ ಎಷ್ಟೆಂದು ಯಾರೂ ಹೇಳಲಾರರು. ಪಾತ್ರೆ ಅಂಗಡಿಯಲ್ಲಿ ಗ್ಯಾಸ್ಕೆಟ್, ವೆಯ್ಟು, ವಾಲ್ವು ಕೊಳ್ಳುವಾಗ ನಿಮ್ಮ ಕುಕ್ಕರಿನ ಹೆಸರು, ಅಳತೆ ಹೇಳಿ ಅದರದ್ದನ್ನೇ ಕೇಳಿ. ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು 2021ರ ಫೆಬ್ರವರಿಯಿಂದ ಕಡ್ಡಾಯ. ಕೊಳ್ಳುವ ಮುನ್ನ ತಿರುಗಿಸಿ ನೋಡುವುದು ನಮ್ಮ ಹೊಣೆ.

ಈಗ ಬಿಸಿಬೇಳೆಬಾತಿಗೆ ಬರೋಣ. ಮೇಲಿನ ವಿಜ್ಞಾನವೆಲ್ಲ ಈ ಅಡುಗೆಯ ಹದದಲ್ಲಿ ಅಡಗಿದೆ. ಒಂದು ಲೋಟ ಸೋನಾ ಮಸೂರಿ, ಮುಕ್ಕಾಲು ಲೋಟ ತೊಗರಿಬೇಳೆ ತೊಳೆದು, ಹೆಚ್ಚಿದ ತರಕಾರಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ, ಐದು ಲೋಟ ನೀರು ಹಾಕಿ. ಎಣ್ಣೆ ಬೇಕೇ ಬೇಕು. ಬೇಳೆಯಲ್ಲಿರುವ ಪ್ರೋಟೀನು, ಸ್ಯಾಪೊನಿನ್‌ಗಳು ನೊರೆ ಎಬ್ಬಿಸುತ್ತವೆ, ನೊರೆ ಕೊಳವೆಗೆ ಏರಿ ಕಟ್ಟುತ್ತದೆ; ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ಅಕ್ಕಿ ಬೇಳೆ ಇರುವಾಗ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು ಎಂಬ ಮಾತಿಗೂ ಇದೇ ಕಾರಣ. ಮುಚ್ಚಿದ ಮೇಲೆ ಕೊಳವೆಯಿಂದ ಆವಿ ಧಾರೆಯಾಗಿ ಬರುವುದನ್ನು ಕಂಡು ವೆಯ್ಟು ಹಾಕಿ. ಒಳಗೆ ಗಾಳಿ ಉಳಿದರೆ ಒತ್ತಡದ ಒಂದು ಪಾಲು ಗಾಳಿಯದಾಗುತ್ತದೆ. ವೆಯ್ಟು ಎದ್ದರೂ ಬಿಸಿ 118ಕ್ಕಿಂತ ಕೆಳಗೇ ಇರುತ್ತದೆ. ಮೊದಲ ಕೂಗು ಬಂದೊಡನೆ ಉರಿ ಸಣ್ಣದು ಮಾಡಿ ಗಡಿಯಾರ ನೋಡಿ ಹತ್ತು ನಿಮಿಷ. ಒಲೆ ಆರಿಸಿ ಒತ್ತಡ ತಾನೇ ಇಳಿಯಲು ಇನ್ನೊಂದು ಹತ್ತು ನಿಮಿಷ. ಆ ಹೊತ್ತಿನಲ್ಲೂ ಒಳಗೆ ಬೇಯುವುದು ಮುಂದುವರಿದಿರುತ್ತದೆ.

ಹುಣಸೆಹಣ್ಣಿನ ರಸ ಮಾತ್ರ ಕುಕ್ಕರ್ ತೆರೆದ ಮೇಲೆ. ಹುಳಿ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಮೊದಲೇ ಹಾಕಿದರೆ ಬೇಳೆ ಮುದ್ದೆಯಾಗದೆ ಕಾಳುಕಾಳಾಗಿ ಉಳಿಯುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತದೆ, ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ನಿಲ್ಲಿಸುತ್ತದೆ. ಗಡಸು ನೀರಿನ ಮನೆಯಲ್ಲಿ, ಹಳೇ ಬೇಳೆಯಾದರೂ ಅಷ್ಟೇ, ಇನ್ನೆರಡು ಮೂರು ನಿಮಿಷ ಹೆಚ್ಚು ಕೊಡಿ. ಬೇಳೆ ಬೆಂದ ಮೇಲೆ ಹುಣಸೆ ರಸ, ಉಪ್ಪು, ಬಿಸಿಬೇಳೆಬಾತ್ ಪುಡಿ ಸೇರಿಸಿ ಐದು ನಿಮಿಷ ಕುದಿಸಿ, ತುಪ್ಪದಲ್ಲಿ ಸಾಸಿವೆ, ಗೋಡಂಬಿ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಊಟ ಸಿದ್ಧ.

ಅಡುಗೆಯನ್ನು ಬೇಗ ಮಾಡಲು ಇನ್ನೊಂದು ದಾರಿಯೂ ಇದೆ: ಬೇಯುವ ವಸ್ತುವನ್ನೇ ಸಣ್ಣದು ಮಾಡುವುದು. ಶಾಖ ಒಂದು ತುಂಡಿನ ನಡುವಿಗೆ ಇಳಿಯಲು ಹಿಡಿಯುವ ಸಮಯ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧವಾದರೆ ಸಮಯ ಕಾಲುಭಾಗ. ಖೀಮಾ ಬಾಣಲೆಯಲ್ಲೇ ಹತ್ತು ಹದಿನೈದು ನಿಮಿಷಕ್ಕೆ ಬೆಂದು ಅನ್ನದ ಮೇಲೆ ಬೀಳುವುದು, ಅದೇ ಮಾಂಸದ ದೊಡ್ಡ ತುಂಡು ಕುಕ್ಕರ್ ಕೇಳುವುದು ಇದರಿಂದ. ಖೀಮಾ ಮಾಡುವಾಗ ಮಾಂಸದ ಗಟ್ಟಿ ನಾರೂ ಕತ್ತರಿಸಿಹೋಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಗಾಂಧಿ ಬಜಾರಿಗೆ ಬರುವ ಮಾಗಡಿಯ ಸೊಗಡವರೆಯನ್ನು ನೆನೆಸಿ ಹಿತುಕಿ ಸಿಪ್ಪೆ ತೆಗೆದ ಮೇಲೆ ಅದು ಕುಕ್ಕರೇ ಬೇಡ ಎನ್ನುವಷ್ಟು ಬೇಗ ಬೇಯುವುದಕ್ಕೂ ಹೀಗೊಂದು ಕಾರಣ: ನೀರನ್ನೂ ಬಿಸಿಯನ್ನೂ ತಡೆಯುವ ತೊಗಲು ಹೋಗಿ ಎರಡು ತೆಳು ಬೇಳೆಗಳು ಉಳಿದಿರುತ್ತವೆ. ಇಡಿಯ ತೊಗರಿಕಾಳನ್ನು ಒಡೆದು ಬೇಳೆ ಮಾಡಿದ ನಮ್ಮ ಹಿರಿಯರು ಕುಕ್ಕರ್ ಬರುವುದಕ್ಕೆ ಎಷ್ಟೋ ಮೊದಲೇ ಈ ದಾರಿ ಕಂಡುಕೊಂಡಿದ್ದರು.

ಹಾಗಾಗಿ ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಕೂಗುಗಳ ಬದಲು ಮೊದಲ ಕೂಗಿನ ನಂತರ ಸಣ್ಣ ಉರಿಯ ನಿಮಿಷಗಳನ್ನು ಬರೆಯಿರಿ: ಅನ್ನಕ್ಕೆ ಐದು, ತೊಗರಿಬೇಳೆಗೆ ಹತ್ತು, ರಾತ್ರಿ ನೆನೆಸಿದ ಕಡಲೆಕಾಳಿಗೆ ಹದಿನೈದು. ಇವು ಶುರುಮಾಡಲು ಹೇಳಿದ ಅಂಕಿಗಳು. ನಿಮ್ಮ ನೀರು, ನಿಮ್ಮ ಬೇಳೆ, ನಿಮ್ಮ ಕುಕ್ಕರ್ ನೋಡಿಕೊಂಡು ವಾರದೊಳಗೆ ತಿದ್ದಿಕೊಳ್ಳಬಹುದು. ಒಮ್ಮೆ ಹದ ಸಿಕ್ಕಿತೆಂದರೆ ಅಡುಗೆ ಯಾರು ಮಾಡಿದರೂ, ಅಜ್ಜಿಯಾಗಲಿ ಕಾಲೇಜಿನ ಹುಡುಗನಾಗಲಿ, ಬೇಳೆ ಪ್ರತಿದಿನ ಒಂದೇ ಹದಕ್ಕೆ ಬೇಯುತ್ತದೆ, ಸಿಲಿಂಡರ್ ಕೆಲವು ದಿನ ಹೆಚ್ಚು ಬಾಳುತ್ತದೆ.