ಆಯವರಿತ ಸಂಸಾರ, ಋಣವಿಲ್ಲದ ನೆಮ್ಮದಿ

ಆಳಂದ ತಾಲ್ಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಊರು. ಈ ಸೀಮೆಯ ಒಕ್ಕಲು ಮನೆತನಗಳಿಗೆ ತೊಗರಿಯೇ ಆಧಾರ. ಮುಂಗಾರಿನಲ್ಲಿ ಬಿತ್ತಿದ ತೊಗರಿ ರಾಶಿಯಾಗಿ ಮನೆಗೆ ಬರುವುದು ಡಿಸೆಂಬರ್-ಜನವರಿಯ ಹೊತ್ತಿಗೆ. ಆದಾಯ ವರ್ಷಕ್ಕೊಮ್ಮೆ, ಖರ್ಚು ಹನ್ನೆರಡು ತಿಂಗಳು. ಈ ಅಂತರದಲ್ಲಿಯೇ ಸಾಲವು ಹೊಸ್ತಿಲು ದಾಟಿ ಒಳಗೆ ಬರುತ್ತದೆ.

ಹಿಂದೆ ಸಾಲವೆಂದರೆ ಸಾಹುಕಾರನ ಖಾತೆವಹಿ. ಇಂದು ಅದು ಮಕ್ಕಳ ಕಿಸೆಯಲ್ಲಿರುವ ಕಾರ್ಡು. ಕಲಬುರಗಿ, ಸೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ನೌಕರಿಗಿರುವ ಮಗನ ಬಳಿ ಕ್ರೆಡಿಟ್ ಕಾರ್ಡಿರುತ್ತದೆ. ಊರಿನಲ್ಲಿ ತಂದೆಯ ಬಳಿ ಕಿಸಾನ್ ಕ್ರೆಡಿಟ್ ಕಾರ್ಡಿರುತ್ತದೆ. ಹೆಸರು ಒಂದೇ ಬಗೆಯದಾದರೂ ಗುಣ ಬೇರೆ. 1998ರಲ್ಲಿ ಜಾರಿಗೆ ಬಂದ ಕಿಸಾನ್ ಕಾರ್ಡು ಬೆಳೆಗೆಂದು ಕಡಿಮೆ ಬಡ್ಡಿಗೆ ದೊರೆಯುವ ಸಾಲ. ಮಗನ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3ರಿಂದ 3.75ರವರೆಗೂ ಬಡ್ಡಿ ಬೀಳುವುದುಂಟು.

ಒಂದು ಲೆಕ್ಕ ನೋಡೋಣ. ತಂಗಿಯ ಮದುವೆಗೆಂದು ಮಗನು ಕಾರ್ಡಿನ ಮೇಲೆ 50,000 ರೂಪಾಯಿ ಖರ್ಚು ಮಾಡಿ ಬಾಕಿ ಉಳಿಸಿಕೊಂಡನೆನ್ನಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,750 ರೂಪಾಯಿ. ಅದರ ಮೇಲೆ ಶೇ. 18 ಜಿ.ಎಸ್.ಟಿ. 315 ರೂಪಾಯಿ. ‘ಕನಿಷ್ಠ ಮೊತ್ತ’ವೆಂದು 2,500 ರೂಪಾಯಿ ಕಟ್ಟಿದರೆ ಅಸಲಿಗೆ ಸಲ್ಲುವುದು ಕೇವಲ 435 ರೂಪಾಯಿ! ಕಟ್ಟಿದೆನೆಂಬ ಸಮಾಧಾನ ಮಗನಿಗೆ. ಸಾಲ ಮಾತ್ರ ಇದ್ದಲ್ಲಿಯೇ ಇರುತ್ತದೆ. ಬಾಕಿ ಇರುವವರೆಗೆ ಹೊಸ ಖರೀದಿಗೂ ಖರೀದಿಸಿದ ದಿನದಿಂದಲೇ ಬಡ್ಡಿ ಏರುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿಯಿಲ್ಲದ ಅವಧಿಯೇ ಇಲ್ಲ.

ಬಿಡುಗಡೆಯ ಮೊದಲ ಹೆಜ್ಜೆ, ಸಾಲವನ್ನು ಮನೆಯವರ ಮುಂದೆ ಬಿಚ್ಚಿಡುವುದು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಸಾಲ ಇನ್ನೊಂದು ಸಾಲವನ್ನು ಹಡೆಯುತ್ತದೆ. ಹಿರಿಯರೂ ಬೈಯುವ ಮೊದಲು ಕೇಳಿಸಿಕೊಳ್ಳಬೇಕು. ಎರಡನೆಯದು, ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಹೊಸ ಖರ್ಚು ನಿಲ್ಲಿಸುವುದು. ಮೂರನೆಯದು, ಎಲ್ಲ ಸಾಲಗಳನ್ನು ಬರೆದು ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವುದು. ಮೇಲಿನ ಸಾಲಕ್ಕೆ ತಿಂಗಳಿಗೆ 5,000 ರೂಪಾಯಿಯಂತೆ ತಪ್ಪದೆ ಕಟ್ಟಿದರೆ ಸುಮಾರು 14 ತಿಂಗಳಲ್ಲಿ ಅದು ಮುಗಿಯುತ್ತದೆ. ಕಟ್ಟಲಾಗದಿದ್ದರೆ ಬ್ಯಾಂಕಿಗೆ ಹೋಗಿ ಕಡಿಮೆ ಬಡ್ಡಿಯ ಕಂತುಗಳನ್ನು ಕೇಳಬೇಕು. ಮನೆಯ ಬಂಗಾರದ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆದು ಕಾರ್ಡನ್ನು ತೀರಿಸುವುದೂ ಒಂದು ದಾರಿ. ಆದರೆ ಅನಂತರ ಕಾರ್ಡು ಮತ್ತೆ ಹೊರಬಂದರೆ ಎರಡು ಸಾಲಗಳಾಗುತ್ತವೆ.

ಬೆಳೆಸಾಲದ ಹಣವನ್ನು ಇದಕ್ಕೆ ತಿರುಗಿಸಬಾರದು. ಸಹಕಾರ ಸಂಘದ ಬೆಳೆಸಾಲಕ್ಕೆ ರಾಜ್ಯದಲ್ಲಿ ದೊರೆಯುವ ಬಡ್ಡಿ ರಿಯಾಯಿತಿ, ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತನು ಸಾಹುಕಾರನ ಬಡ್ಡಿಗೆ ಬಲಿಯಾಗಬಾರದೆಂದು. ಆ ಆಸರೆಯನ್ನು ನಮ್ಮ ಕೈಯಾರೆ ಕಳೆದುಕೊಳ್ಳುವುದು ಸಲ್ಲದು.

ವಸೂಲಿಗಾರರ ಒತ್ತಡಕ್ಕೆ ಹೆದರಿ ಧೃತಿಗೆಡಬೇಕಿಲ್ಲ. ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ಅನಂತರ ಅವರು ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕು 30 ದಿನಗಳೊಳಗೆ ದೂರಿಗೆ ಪರಿಹಾರ ನೀಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು.

ಇನ್ನು ಮನೆಯ ಖರ್ಚು. ರಾಶಿಯ ಹಣ ಬಂದ ದಿನವೇ ಮುಂದಿನ ಬೀಜ-ಗೊಬ್ಬರ, ಮಕ್ಕಳ ಶಾಲೆ, ಔಷಧಿಗಳ ಪಾಲನ್ನು ತೆಗೆದಿರಿಸಿ, ಉಳಿದುದನ್ನು ಹನ್ನೆರಡು ತಿಂಗಳಿಗೆ ಹಂಚಬೇಕು. ಮದುವೆ, ಜಾತ್ರೆ, ಸೀರೆಗಳ ಖರ್ಚನ್ನು ನೆರೆಮನೆಯವರ ಅಳತೆಯಿಂದಲ್ಲ, ನಮ್ಮ ಅಳತೆಯಿಂದ ಮಾಡಬೇಕು. ಲೆಕ್ಕದ ವಹಿಯನ್ನು ಮನೆಯ ತಾಯಿಯ ಕೈಗೆ ಕೊಟ್ಟು ನೋಡಿ.

ಆಯ್ದಕ್ಕಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದ ಲಕ್ಕಮ್ಮನವರ ಮನೆತನ ನಮ್ಮದು. ಬೇಕಾದುದೆಷ್ಟು ಎಂದು ಬಲ್ಲ ಗೃಹಿಣಿಯಿರುವ ಮನೆಯಲ್ಲಿ ಬಡತನವಿದ್ದೀತು, ಋಣದ ಅಂಜಿಕೆ ಇರದು. ದುಡಿದುದರಲ್ಲಿ ಬದುಕಿ, ಉಳಿದುದರಲ್ಲಿ ದಾಸೋಹ ಮಾಡುವ ಸಂಸಾರಕ್ಕಿಂತ ದೊಡ್ಡ ಸಿರಿ ಯಾವುದಿದೆ?